ನಗುವ ಮೊದಲು ವೇಷದ ಒಳಮೈ ನೋಡಿ

ಮುಂಬಯಿಯಲ್ಲಿ ಕಾಮಿಕ್ ಕಾನ್ ನಡೆಯುವ ದಿನ ಲೋಕಲ್ ರೈಲಿನಲ್ಲಿ ವಿಚಿತ್ರ ಪ್ರಯಾಣಿಕರು ಕಾಣಸಿಗುತ್ತಾರೆ. ನೀಲಿ ಕೂದಲಿನ ಹುಡುಗಿ, ಎದೆಗೆ ಉಕ್ಕಿನಂತೆ ಹೊಳೆಯುವ ಕವಚ ಕಟ್ಟಿಕೊಂಡ ಹುಡುಗ, ತನಗಿಂತ ಎತ್ತರದ ಕತ್ತಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಜೋಪಾನವಾಗಿ ಹಿಡಿದು ನಿಂತ ಇನ್ನೊಬ್ಬ. ಬಾಗಿಲ ಬಳಿ ನಿಂತವರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಕಿಟಕಿ ಬದಿ ಕುಳಿತ ಹಿರಿಯರು ತಲೆ ಆಡಿಸಿ, "ಈಗಿನ ಮಕ್ಕಳಿಗೆ ಬೇರೆ ಕೆಲಸ ಇಲ್ಲ" ಎಂದು ಪೇಪರ್ ಮೇಲೆ ಹಿಡಿಯುತ್ತಾರೆ.

ಆ ಮಕ್ಕಳಲ್ಲಿ ಕನ್ನಡಿಗರ ಮನೆಯವರೂ ಇರುತ್ತಾರೆ. ಸಂಘದ ವಾರ್ಷಿಕೋತ್ಸವಕ್ಕೆ ಕರೆದರೆ ಪರೀಕ್ಷೆಯ ನೆಪ ಹೇಳುವ ಮಗ ಈ ಕವಚಕ್ಕಾಗಿ ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟ ಎಂಬುದು ತಂದೆ ತಾಯಿಗೆ ನುಂಗಲಾರದ ತುತ್ತು. ಆದರೆ ಅವನು ಏನು ಮಾಡಿದ, ಹೇಗೆ ಮಾಡಿದ, ಯಾರಿಂದ ಕಲಿತ ಎಂದು ಕೇಳಿದ ಮನೆಗಳು ಕಡಿಮೆ. ಕೇಳಿದ್ದರೆ ಒಂದು ಸಂಗತಿ ತಿಳಿಯುತ್ತಿತ್ತು. ಸಂಘ ಸಂಸ್ಥೆಗಳು ಯಾವುದನ್ನು ಕಳೆದುಕೊಳ್ಳುತ್ತಿವೆಯೋ ಅದನ್ನೇ ಈ ಹುಡುಗರು ಬೇರೆಲ್ಲೋ ಕಟ್ಟಿಕೊಳ್ಳುತ್ತಿದ್ದಾರೆ. ಅದೆಂದರೆ ಕೈಯಿಂದ ಕೈಗೆ ದಾಟುವ ವಿದ್ಯೆ.

ಹೆಸರು ಜಪಾನಿನದು, ಹವ್ಯಾಸ ಹಳೆಯದು

ಕಥೆ, ಚಿತ್ರಕಥೆ, ಸಿನಿಮಾ ಅಥವಾ ವಿಡಿಯೋ ಗೇಮಿನ ಪಾತ್ರವೊಂದನ್ನು ಆರಿಸಿಕೊಂಡು, ಅದರಂತೆ ವೇಷ ಧರಿಸಿ, ಅದರ ನಿಲುವು ನಡಿಗೆಯನ್ನು ತೋರಿಸುವ ಹವ್ಯಾಸಕ್ಕೆ ಕಾಸ್‌ಪ್ಲೇ ಎಂದು ಹೆಸರು. ಕಾಸ್ಟ್ಯೂಮ್ ಮತ್ತು ಪ್ಲೇ ಎಂಬ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿದ ಈ ಪದವನ್ನು 1983ರಲ್ಲಿ ಜಪಾನಿನ ನೊಬುಯುಕಿ ತಕಹಾಶಿ ಅವರು 'ಮೈ ಅನಿಮೆ' ಎಂಬ ಮಾಸಿಕದಲ್ಲಿ ಬಳಕೆಗೆ ತಂದರು. ಟೋಕಿಯೋದಲ್ಲಿ 1975ರಲ್ಲಿ ಆರಂಭವಾದ ಕೊಮಿಕೆಟ್ ಎಂಬ ಚಿತ್ರಕಥೆಗಳ ಸಂತೆಯಲ್ಲಿ ಇಂತಹ ವೇಷಧಾರಿಗಳು ಆಗಲೇ ಸೇರತೊಡಗಿದ್ದರು.

ಹವ್ಯಾಸ ಮಾತ್ರ ಹೆಸರಿಗಿಂತ ಹಳೆಯದು. 1939ರ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಓದುಗರ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಸೇರಿದವರು ಸುಮಾರು ಇನ್ನೂರು ಮಂದಿ. ಎಲ್ಲರೂ ಕೋಟು ಟೈ ಧರಿಸಿ ಬಂದಿದ್ದರೆ ಲಾಸ್ ಏಂಜಲೀಸ್‌ನಿಂದ ಬಂದ ಇಬ್ಬರು ಮಾತ್ರ ಭವಿಷ್ಯ ಕಾಲದ ಮನುಷ್ಯರಂತೆ ವೇಷ ಹಾಕಿಕೊಂಡಿದ್ದರು. ಒಬ್ಬರು ಫಾರೆಸ್ಟ್ ಆಕರ್‌ಮನ್, ಇನ್ನೊಬ್ಬರು ಮಿರ್ಟಲ್ ಡಗ್ಲಸ್. ಬೀದಿಯಲ್ಲಿ ನಡೆದಾಗ ಮಕ್ಕಳು ಚಿತ್ರಕಥೆಯ ನಾಯಕರ ಹೆಸರು ಹಿಡಿದು ಕೂಗಿದರಂತೆ. ಮರುವರ್ಷ ಚಿಕಾಗೋ ಸಮ್ಮೇಳನದಲ್ಲಿ ವೇಷಗಳ ಕಾರ್ಯಕ್ರಮವೇ ಏರ್ಪಟ್ಟಿತು. ಅಲ್ಲಿಂದ ಅದು ಪದ್ಧತಿಯಾಯಿತು.

ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ಆಕರ್‌ಮನ್ ಮುಂದೆ ಪ್ರಸಿದ್ಧ ಸಂಪಾದಕರೂ ಸಂಗ್ರಾಹಕರೂ ಆದರು. ಮೊದಲು ವೇಷ ತೊಟ್ಟವರು ಯಾರು ಎಂದರೆ ಬಹುಕಾಲ ಅವರ ಹೆಸರೇ ಮುಂದೆ ಬರುತ್ತಿತ್ತು. ಆದರೆ ಎರಡೂ ವೇಷಗಳನ್ನು ಯೋಚಿಸಿ, ಕತ್ತರಿಸಿ, ಹೊಲಿದವರು ಮಿರ್ಟಲ್ ಡಗ್ಲಸ್. ಈ ಹವ್ಯಾಸದ ತಾಯಿ ಎಂದು ಇಂದು ಅವರನ್ನೇ ಗೌರವದಿಂದ ನೆನೆಯುತ್ತಾರೆ. ರಂಗದ ಮೇಲೆ ಮಿಂಚಿದವನಿಗೆ ಹೆಸರು, ಹೊಲಿದವರಿಗೆ ಮರೆವು. ಈ ಲೆಕ್ಕ ಕನ್ನಡಿಗರಿಗೂ ಹೊಸದಲ್ಲ. ಆಟ ಮುಗಿದ ಮೇಲೆ ಅರ್ಜುನ ಯಾರು, ಮಹಿಷಾಸುರ ಯಾರು ಎಂದು ಕೇಳುತ್ತಾರೆ. ಚೌಕಿಯಲ್ಲಿ ಕಿರೀಟ ಕಟ್ಟಿದವರು ಯಾರೆಂದು ಕೇಳುವವರು ವಿರಳ.

ಭಾರತಕ್ಕೆ ಈ ಹವ್ಯಾಸ ದೊಡ್ಡ ಪ್ರಮಾಣದಲ್ಲಿ ಬಂದದ್ದು 2011ರ ಫೆಬ್ರವರಿಯಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಮೊದಲ ಕಾಮಿಕ್ ಕಾನ್ ನಡೆದ ಬಳಿಕ. ಅನಂತರ ಮುಂಬಯಿ, ಬೆಂಗಳೂರು, ಹೈದರಾಬಾದ್, ಪುಣೆ, ಚೆನ್ನೈ ಹೀಗೆ ನಗರದಿಂದ ನಗರಕ್ಕೆ ಹಬ್ಬಿತು. ಹೊರನಾಡ ಕನ್ನಡಿಗರು ನೆಲೆಸಿದ ಊರುಗಳೂ ಇವೇ ಎಂಬುದು ಗಮನಾರ್ಹ.

ಚಾಪೆಯಿಂದ ಕವಚ

ದೂರದಿಂದ ಉಕ್ಕಿನಂತೆ ಕಾಣುವ ಆ ಎದೆಕವಚ ಬಹುಪಾಲು ಚಾಪೆಯದು. ಜಿಮ್ಮಿನಲ್ಲಿ, ಬಾಲವಾಡಿಯಲ್ಲಿ ನೆಲಕ್ಕೆ ಹಾಸುವ, ಹಲ್ಲಿಗೆ ಹಲ್ಲು ಸೇರಿಸಿ ಜೋಡಿಸುವ ಮೆತ್ತನೆಯ ಚಾಪೆ. ಅದು ಇವಿಎ ಫೋಮ್ ಎಂಬ ವಸ್ತು. ಹಗುರ, ಅಗ್ಗ, ಕತ್ತರಿಸಲು ಸುಲಭ. ಮಗ ಇದನ್ನು ಬ್ಲೇಡಿನಿಂದ ಕತ್ತರಿಸುವಾಗಲೇ, "ಎಂತದು ಮಾರಾಯಾ ಇದು, ಹೊಸ ಚಾಪೆ ಅಲ್ವಾ?" ಎಂದು ಅಮ್ಮ ಅಡುಗೆಮನೆಯಿಂದ ಕೂಗುವುದು.

ಮೊದಲ ಕೆಲಸ ಅಳತೆ. ದರ್ಜಿಯ ಟೇಪು ಇದಕ್ಕೆ ಸಾಲದು. ಮೈಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಂಟುಪಟ್ಟಿ ಒತ್ತೊತ್ತಾಗಿ ಹಚ್ಚಿ, ಎಲ್ಲಿ ಕೀಲು ಬರಬೇಕು, ಎಲ್ಲಿ ಅಂಚು ಬರಬೇಕು ಎಂದು ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಆಮೇಲೆ ಜಾಗ್ರತೆಯಿಂದ ಕತ್ತರಿಸಿ ತೆಗೆದು ನೆಲದ ಮೇಲೆ ಹರಡಿದರೆ ಗುಂಡಗಿನ ಮೈ ಚಪ್ಪಟೆ ನಕ್ಷೆಯಾಗುತ್ತದೆ. ಅದನ್ನು ಕಾಗದಕ್ಕೆ, ಕಾಗದದಿಂದ ಫೋಮಿಗೆ ಇಳಿಸುತ್ತಾರೆ. ಬಲಭಾಗಕ್ಕೆ ಮಾಡಿದ ನಕ್ಷೆಯನ್ನೇ ಮಗುಚಿ ಎಡಭಾಗಕ್ಕೆ ಬಳಸಿದರೆ ಎರಡೂ ಬದಿ ಸಮನಾಗುತ್ತದೆ.

ಮುಂದಿನದು ಕತ್ತರಿಸುವ ಕೆಲಸ. ಬ್ಲೇಡು ಮೊಂಡಾದರೆ ಫೋಮ್ ಹರಿಯುತ್ತದೆ, ಆದ್ದರಿಂದ ಮತ್ತೆ ಮತ್ತೆ ಬ್ಲೇಡು ಬದಲಿಸಬೇಕು. ಅಂಚನ್ನು ನೇರ ಕತ್ತರಿಸುವ ಬದಲು ಓರೆಯಾಗಿ ಕತ್ತರಿಸಿದರೆ ಎರಡು ತುಂಡುಗಳು ಸೇರುವಲ್ಲಿ ಮೂಲೆ ಚೂಪಾಗಿ ನಿಲ್ಲುತ್ತದೆ. ಅಂಟಿಸಲು ಚಪ್ಪಲಿ ರಿಪೇರಿಯವರು ಬಳಸುವಂತಹ ರಬ್ಬರ್ ಗೋಂದು. ಎರಡೂ ಬದಿಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು, ಅನಂತರ ಸೇರಿಸಬೇಕು. ಒಮ್ಮೆ ಕೂಡಿದರೆ ಸರಿಸಲು ಬರುವುದಿಲ್ಲ. ಅವಸರದವರಿಗೆ ಇದು ಕೆಲಸವಲ್ಲ.

ಬಿಸಿಗಾಳಿಯ ಯಂತ್ರ ಹಿಡಿದು ಕಾಯಿಸಿದಾಗ ಫೋಮಿನ ಮೇಲ್ಮೈಯ ರಂಧ್ರಗಳು ಮುಚ್ಚಿಕೊಂಡು ನುಣುಪಾಗುತ್ತದೆ. ಬಿಸಿ ಇರುವಾಗಲೇ ಮೊಣಕಾಲ ಮೇಲೆ ಬಗ್ಗಿಸಿ ಹಿಡಿದರೆ ಆರಿದ ಮೇಲೂ ಅದೇ ಆಕಾರದಲ್ಲಿ ಉಳಿಯುತ್ತದೆ. ಬಣ್ಣ ಕುಡಿಯದಿರಲೆಂದು ಬಿಳಿ ಫೆವಿಕಾಲನ್ನು ನೀರಿನಲ್ಲಿ ಕಲಸಿ ಕೆಲವು ಕೋಟು ಕೊಡುತ್ತಾರೆ. ಮೊದಲು ಕಪ್ಪು ಬಣ್ಣ. ಅದರ ಮೇಲೆ ಬೆಳ್ಳಿ ಬಣ್ಣ ಅದ್ದಿದ ಬ್ರಷ್ಷನ್ನು ಚಿಂದಿಗೆ ಒರಸಿ, ಅಳಿದುಳಿದ ಬಣ್ಣವನ್ನು ಅಂಚುಗಳಿಗೆ ಮಾತ್ರ ಸವರುತ್ತಾರೆ. ಯುದ್ಧದಲ್ಲಿ ಸವೆದ ಉಕ್ಕಿನ ಕಳೆ ಬರುವುದು ಹಾಗೆ. ಕೊನೆಗೆ ಎಲಾಸ್ಟಿಕ್, ವೆಲ್ಕ್ರೋ, ಬಕಲು. ಕಂಕುಳಲ್ಲಿ ಜಾಗ ಬಿಡದಿದ್ದರೆ ಕೈ ಎತ್ತಲಾಗದು, ಸೊಂಟದಲ್ಲಿ ಬಿಡದಿದ್ದರೆ ಕೂರಲಾಗದು. ಇದು ಒಮ್ಮೆ ಮಾಡಿ ಕೆಟ್ಟವರಿಗೇ ಗೊತ್ತಾಗುವ ಪಾಠ.

ಈ ಕೆಲಸಕ್ಕಾಗಿ ಹುಡುಗರು ಮುಂಬಯಿಯ ಗಲ್ಲಿಗಳನ್ನು ಕಲಿಯುತ್ತಾರೆ. ಬಟ್ಟೆಗೆ ಮಂಗಲ್‌ದಾಸ್ ಮಾರ್ಕೆಟ್, ಜರಿ ಲೇಸುಗಳಿಗೆ ಭುಲೇಶ್ವರ, ಕಣ್ಣು ಹೊಳೆಯಿಸುವ ಪುಟ್ಟ ದೀಪಗಳಿಗೆ ಲೋಹಾರ್ ಚಾಲ್. ಮಾಲಿನ ಎ.ಸಿ. ಬಿಟ್ಟು ಬೇರೆಲ್ಲಿಗೂ ಬಾರದ ಮಗಳು ಭುಲೇಶ್ವರದಲ್ಲಿ ಗಜಕ್ಕೆ ಐದು ರೂಪಾಯಿ ಚೌಕಾಸಿ ಮಾಡುವುದನ್ನು ತಾಯಿ ನೋಡಬೇಕು.

ಒಳಹೊಲಿಗೆ ನೋಡುವ ತೀರ್ಪುಗಾರ

ಈ ಹವ್ಯಾಸದ ನಿಜವಾದ ಸೊಬಗು ವೇಷದಲ್ಲಿಲ್ಲ, ವೇಷ ನೋಡಿದವರು ಕೇಳುವ ಪ್ರಶ್ನೆಯಲ್ಲಿದೆ. "ಎಷ್ಟಕ್ಕೆ ಕೊಂಡೆ?" ಎಂದು ಅಲ್ಲಿ ಯಾರೂ ಕೇಳುವುದಿಲ್ಲ. "ಹೇಗೆ ಮಾಡಿದೆ?" ಎಂದು ಕೇಳುತ್ತಾರೆ. ಕೇಳಿದವನು ಅಪರಿಚಿತನಾದರೂ, ನಾಳೆ ಎದುರಾಳಿಯಾಗಬಹುದಾದವನಾದರೂ ಉತ್ತರ ಸಿಗುತ್ತದೆ. ಯಾವ ಗೋಂದು, ಎಷ್ಟು ದಪ್ಪದ ಫೋಮ್, ಎಲ್ಲಿ ತಪ್ಪಿತು, ಎರಡನೇ ಸಲ ಹೇಗೆ ಸರಿಪಡಿಸಿದ್ದು, ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಸಮ್ಮೇಳನಗಳಲ್ಲಿ ಇದಕ್ಕೆಂದೇ ಗೋಷ್ಠಿಗಳು, ತರಬೇತಿಗಳು ಇರುತ್ತವೆ. ತಪ್ಪನ್ನು ಮುಚ್ಚಿಡದೆ ಹೇಳುವುದು ಅಲ್ಲಿ ಮರ್ಯಾದೆಯ ವಿಷಯ. ಹಾಗೆ ಹೇಳುವುದರಿಂದ ಮುಂದಿನವನ ಫೋಮ್, ಹಣ, ರಾತ್ರಿಯ ನಿದ್ದೆ ಮೂರೂ ಉಳಿಯುತ್ತವೆ.

ಅಮೆರಿಕದ ಸಮ್ಮೇಳನಗಳ ವೇಷ ಸ್ಪರ್ಧೆಗಳಲ್ಲಿ ಎರಡು ಒಳ್ಳೆಯ ಪದ್ಧತಿಗಳು ಬೆಳೆದು ಬಂದಿವೆ. ಒಂದು, ಸ್ಪರ್ಧಿಗಳನ್ನು ಹೊಸಬರು, ಪಳಗಿದವರು, ನಿಪುಣರು ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸುವುದು. ಹತ್ತು ವರ್ಷ ಹೊಲಿದವರ ಎದುರು ಮೊದಲ ಸಲ ಸೂಜಿ ಹಿಡಿದವರನ್ನು ನಿಲ್ಲಿಸುವುದಿಲ್ಲ. ಎರಡು, ವೇದಿಕೆಯ ಅಂಕ ಬೇರೆ, ಕೈಕೆಲಸದ ಅಂಕ ಬೇರೆ. ಕೈಕೆಲಸದ ತೀರ್ಪುಗಾರರು ಪರದೆಯ ಹಿಂದೆ ಬಂದು ವೇಷವನ್ನು ಹತ್ತಿರದಿಂದ ನೋಡುತ್ತಾರೆ, ಒಳಮೈ ತಿರುಗಿಸಿ ಹೊಲಿಗೆ ಪರೀಕ್ಷಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ. ಜಪಾನಿನ ನಾಗೋಯಾದಲ್ಲಿ 2003ರಲ್ಲಿ ಆರಂಭವಾದ ವಿಶ್ವ ಕಾಸ್‌ಪ್ಲೇ ಶೃಂಗಸಭೆಯಲ್ಲೂ ಸ್ಪರ್ಧಿಗಳು ವೇಷವನ್ನು ತಾವೇ ತಯಾರಿಸಬೇಕು. ಕೊಂಡು ತಂದ ವೇಷಕ್ಕೆ ಅಲ್ಲಿ ಜಾಗವಿಲ್ಲ.

ಹಂಚಿಕೊಂಡ ವಿದ್ಯೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇನ್ನೊಂದು ಉದಾಹರಣೆ 501ನೇ ಲೀಜನ್. 'ಸ್ಟಾರ್ ವಾರ್ಸ್' ಚಿತ್ರದ ಬಿಳಿ ಕವಚದ ಸೈನಿಕರ ವೇಷ ಹಾಕುವ ಆಸೆಯಿಂದ ಅಮೆರಿಕದ ಆಲ್ಬಿನ್ ಜಾನ್ಸನ್ 1997ರಲ್ಲಿ ಗೆಳೆಯರೊಂದಿಗೆ ಆರಂಭಿಸಿದ ಕೂಟ ಇದು. ಜಾನ್ಸನ್ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವರು. ಇಂದು ಈ ಕೂಟದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಸದಸ್ಯರಿದ್ದಾರೆ. ಪ್ರತಿಯೊಂದು ವೇಷದ ಭಾಗಗಳು ಹೇಗಿರಬೇಕು ಎಂಬ ವಿವರವನ್ನು ಬರೆದು, ಚಿತ್ರಸಹಿತ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಹೊಸಬರಿಗೆ ಹಳಬರು ಕೈ ಹಿಡಿದು ಕಲಿಸುತ್ತಾರೆ. ಹೀಗೆ ತಯಾರಾದ ವೇಷದಲ್ಲಿ ಅವರು ಹೋಗುವುದು ಮಕ್ಕಳ ಆಸ್ಪತ್ರೆಗೆ, ಧರ್ಮಾರ್ಥ ಕಾರ್ಯಕ್ರಮಗಳಿಗೆ. ಇದಕ್ಕೆ ಸಂಭಾವನೆ ಪಡೆಯುವುದಿಲ್ಲ. ಹುಚ್ಚಾಟ ಎನ್ನುವವರು ಈ ಸಂಗತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಿರಿಯರ ಆಕ್ಷೇಪಗಳು

ಹಾಗೆಂದು ಎಲ್ಲವೂ ಹಾಲುಜೇನು ಎಂದಲ್ಲ. ಹಿರಿಯರ ಆಕ್ಷೇಪಗಳಲ್ಲಿ ಹುರುಳಿದೆ.

ಖರ್ಚು ಮೊದಲನೆಯದು. ಚಾಪೆ ಅಗ್ಗವಾದರೂ ವಿಗ್ಗು, ಬಣ್ಣ, ಗೋಂದು, ದೀಪ ಎಂದು ಬೆಳೆಯುತ್ತ ಹೋಗುತ್ತದೆ. ಮಗ ಸಂಪಾದನೆ ಆರಂಭಿಸುವ ಮೊದಲು ಇದಕ್ಕೊಂದು ಮಿತಿ ಹಾಕುವುದು ತಂದೆಯ ಹಕ್ಕು. ಆದರೆ ಮಿತಿ ಹಾಕುವುದು ಬೇರೆ, ಗೇಲಿ ಮಾಡುವುದು ಬೇರೆ. ಖರ್ಚಿನ ಪಟ್ಟಿ ಬರೆದಿಡು, ಇಷ್ಟರೊಳಗೆ ಮುಗಿಸು ಎಂದರೆ ಹುಡುಗ ಲೆಕ್ಕವನ್ನೂ ಕಲಿಯುತ್ತಾನೆ.

ಆರೋಗ್ಯದ ಮಾತೂ ಇದೆ. ರಬ್ಬರ್ ಗೋಂದಿನ ವಾಸನೆ, ಫೋಮ್ ಉಜ್ಜುವಾಗಿನ ಧೂಳು, ಬಿಸಿಗಾಳಿಯ ಹೊಗೆ ಎದೆಗೆ ಒಳ್ಳೆಯದಲ್ಲ. ಒಂದು ಕೋಣೆಯ ಮನೆಯಲ್ಲಿ ಕಿಟಕಿ ಮುಚ್ಚಿ ಈ ಕೆಲಸ ಮಾಡಬಾರದು. ಕಿಟಕಿ ತೆರೆದು, ಸರಿಯಾದ ಮಾಸ್ಕ್ ಕಟ್ಟಿ, ಚಿಕ್ಕ ಮಕ್ಕಳನ್ನು ದೂರವಿಟ್ಟು ಮಾಡಬೇಕು. ಸೊಸೈಟಿಯ ತಾರಸಿಯಲ್ಲಿ ಮಾಡಲು ಅನುಮತಿ ಸಿಕ್ಕರೆ ಇನ್ನೂ ಒಳ್ಳೆಯದು.

ಹೆಣ್ಣುಮಕ್ಕಳ ತಾಯಂದಿರ ಆತಂಕ ಮೂರನೆಯದು. ವೇಷ ತೊಟ್ಟವರನ್ನು ಮುಟ್ಟುವ, ಕೇಳದೆ ಫೋಟೊ ತೆಗೆಯುವ ಕಾಟ ಇರುವುದು ನಿಜ. ಈ ದೂರು ಬಂದಾಗ ಸಂಘಟಕರು ಹುಡುಗಿಯರನ್ನು ಮನೆಯಲ್ಲಿ ಕೂರಿ ಎನ್ನಲಿಲ್ಲ ಎಂಬುದು ಶ್ಲಾಘನೀಯ. ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ, ವೇಷ ಧರಿಸಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟಂತಲ್ಲ ಎಂಬ ದೊಡ್ಡ ಫಲಕಗಳನ್ನು ಸಭಾಂಗಣದಲ್ಲಿ ನಿಲ್ಲಿಸಿತು. ಜಪಾನಿನ ಕೊಮಿಕೆಟ್‌ನಲ್ಲಿ ಮನೆಯಿಂದಲೇ ವೇಷ ಹಾಕಿ ಬರುವಂತಿಲ್ಲ. ಸ್ಥಳದಲ್ಲಿಯೇ ಪ್ರತ್ಯೇಕ ಕೋಣೆಗಳಲ್ಲಿ ವೇಷ ಧರಿಸಿ, ಹೊರಡುವ ಮೊದಲು ಕಳಚಬೇಕು. ಚೌಕಿಯ ಶಿಸ್ತು ಬಲ್ಲ ಕರಾವಳಿಯವರಿಗೆ ಈ ನಿಯಮ ಚೆನ್ನಾಗಿ ಅರ್ಥವಾದೀತು.

ಇದು ಪರದೇಶದ ಪಾತ್ರಗಳ ಆರಾಧನೆ ಎಂಬುದು ಕೊನೆಯ ಆಕ್ಷೇಪ. ಪಾತ್ರ ಪರದೇಶದ್ದಿರಬಹುದು. ಆದರೆ ಒಂದು ಪಾತ್ರವನ್ನು ಇಷ್ಟಪಟ್ಟು ಅದರ ವೇಷ ಕಟ್ಟಿ ಅದೇ ಆಗಿ ನಿಲ್ಲುವ ಆಸೆ ಪರದೇಶದ್ದಲ್ಲ. ಬಾಲ್ಯದಲ್ಲಿ ಹಾಳೆಯ ಕಿರೀಟ ಮಾಡಿ, ಅಡಕೆಯ ಸೋಗೆಯ ಗದೆ ಹಿಡಿದು ಅಂಗಳದಲ್ಲಿ ಕುಣಿದ ಹಿರಿಯರು ಇಂದಿಗೂ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಇದ್ದಾರೆ.

ಚೌಕಿಯ ಗುಟ್ಟು ಯಾರ ಪಾಲಿಗೆ?

ಸಂಘ ಸಂಸ್ಥೆಗಳ ಪದಾಧಿಕಾರಿಗಳು ಈಗ ತಮ್ಮ ಕಡೆಗೂ ನೋಡಿಕೊಳ್ಳಬೇಕು. ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಛದ್ಮವೇಷ ಸ್ಪರ್ಧೆ ಇಡುತ್ತಾರೆ. ತಾಯಿ ಬಾಡಿಗೆ ಡ್ರೆಸ್ ಅಂಗಡಿಯಿಂದ ಕೃಷ್ಣನನ್ನೋ ಝಾನ್ಸಿ ರಾಣಿಯನ್ನೋ ತರುತ್ತಾಳೆ. ಮಗು ವೇದಿಕೆಯಲ್ಲಿ ಒಂದು ನಿಮಿಷ ನಿಂತು ಅಳುತ್ತದೆ ಅಥವಾ ಕೈ ಬೀಸುತ್ತದೆ. ಮರುದಿನ ಡ್ರೆಸ್ ವಾಪಸು. ಬಹುಮಾನ ಬಂದದ್ದು ಅಂಗಡಿಯ ಬಟ್ಟೆಗೋ ಮಗುವಿಗೋ ಎಂದು ಯಾರೂ ಕೇಳುವುದಿಲ್ಲ.

ಯಕ್ಷಗಾನದ ಕಥೆಯೂ ಬಹಳ ಬೇರೆಯಲ್ಲ. ಬಡಗುತಿಟ್ಟಿನ ಕೇದಗೆ ಮುಂದಲೆಯನ್ನು ಟೊಪ್ಪಿಯಂತೆ ತಲೆಗೆ ಇಟ್ಟುಕೊಳ್ಳುವುದಲ್ಲ, ಬಟ್ಟೆ ಸುತ್ತಿ ತಲೆಯ ಮೇಲೆಯೇ ಕಟ್ಟುವುದು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಚುಟ್ಟಿ ಇಡಲು ಗಂಟೆಗಟ್ಟಲೆ ತಾಳ್ಮೆ ಬೇಕು. ಹಗುರ ಮರ, ಬೇಗಡೆ, ಕನ್ನಡಿ ಚೂರುಗಳಿಂದ ಭುಜಕೀರ್ತಿ, ಎದೆಕಟ್ಟು ಮಾಡುವ ಕೈಗಳು ದೊಡ್ಡ ವಿದ್ಯೆಯನ್ನು ಬಲ್ಲವು. ಶಿವರಾಮ ಕಾರಂತರು ತಮ್ಮ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು, ಮುಂದೆ ವೇಷಗಳ ಬಗ್ಗೆಯೂ ಪ್ರಯೋಗ ನಡೆಸಿದರು. ಅಮೆರಿಕದಿಂದ ಬಂದ ಮಾರ್ತಾ ಆಶ್ಟನ್ ಉಡುಪಿಯಲ್ಲಿ ಕಲಿತು, ಬ್ರೂಸ್ ಕ್ರಿಸ್ಟಿ ಜೊತೆ 1977ರಲ್ಲಿ ಇಂಗ್ಲಿಷಿನಲ್ಲಿ ಯಕ್ಷಗಾನದ ಬಗ್ಗೆ ಪುಸ್ತಕ ತಂದರು. ವಿದ್ವಾಂಸರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಆದರೆ ಮಹಾನಗರದಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಮುಂದಲೆ ಕಟ್ಟುವುದು ಹೇಗೆಂದು ಪಕ್ಕ ಕುಳಿತು ತೋರಿಸುವ ಏರ್ಪಾಡು ಎಷ್ಟು ಸಂಘಗಳಲ್ಲಿದೆ? ಒಂದು ರಾತ್ರಿಯ ಬಾಡಿಗೆಗೆ ವೇಷಭೂಷಣದ ಪೆಟ್ಟಿಗೆ ಬರುತ್ತದೆ, ಬೆಳಗಾದರೆ ಹೋಗುತ್ತದೆ. ಹುಡುಗ ಕುಣಿತ ಕಲಿಯುತ್ತಾನೆ, ಕಟ್ಟುವುದನ್ನು ಕಲಿಯುವುದಿಲ್ಲ.

ಯಕ್ಷಗಾನವನ್ನು ಕಾಸ್‌ಪ್ಲೇಗೆ ಹೋಲಿಸುವುದೇ ಎಂದು ಕೆಲವರಿಗೆ ನೋವಾಗಬಹುದು. ಹೋಲಿಕೆ ಕಲೆಗಲ್ಲ. ಚೌಕಿಯಲ್ಲಿ ಗಣಪತಿಗೆ ಪೂಜೆ ಸಲ್ಲಿಸಿ ಗೆಜ್ಜೆ ಕಟ್ಟುವ ಆರಾಧನಾ ಕಲೆಯೇ ಬೇರೆ, ಭಾನುವಾರದ ಹವ್ಯಾಸವೇ ಬೇರೆ. ಕಿರೀಟ ಆಟಿಕೆಯಲ್ಲ. ಹೋಲಿಕೆ ಇರುವುದು ವಿದ್ಯೆಯನ್ನು ದಾಟಿಸುವ ಕ್ರಮಕ್ಕೆ ಮಾತ್ರ.

ಇನ್ನೊಂದು ನ್ಯಾಯವಾದ ಪ್ರಶ್ನೆ ಇದೆ. ವೇಷಭೂಷಣವೇ ಹೊಟ್ಟೆಪಾಡಾದವರು ಗುಟ್ಟು ಬಿಟ್ಟುಕೊಟ್ಟರೆ ಬದುಕುವುದು ಹೇಗೆ? ಕಾಸ್‌ಪ್ಲೇಯಲ್ಲೂ ನಕ್ಷೆ ಮಾರಿ, ಬೇರೆಯವರಿಗೆ ವೇಷ ಮಾಡಿಕೊಟ್ಟು ಸಂಪಾದಿಸುವವರಿದ್ದಾರೆ. ಕೇಳಿದವರಿಗೆಲ್ಲ ಹೇಳಿಕೊಟ್ಟೂ ಅವರ ಗಿರಾಕಿ ಕಡಿಮೆಯಾಗಿಲ್ಲ. ಏಕೆಂದರೆ ಮಾತಿನಲ್ಲಿ ಹೇಳಿದ್ದು ಕೈಗೆ ಬರಲು ವರ್ಷಗಳು ಬೇಕು. ಒಮ್ಮೆ ಸ್ವತಃ ಮಾಡಿ ನೋಡಿದವನಿಗೇ ಒಳ್ಳೆಯ ಕೆಲಸದ ಬೆಲೆ ತಿಳಿಯುವುದು, ಚೌಕಾಸಿ ಮಾಡದೆ ಹಣ ಕೊಡುವವನೂ ಅವನೇ. ಲಾಕರಿನಲ್ಲಿಟ್ಟ ಚಿನ್ನ ಕಳ್ಳರಿಂದ ಉಳಿದೀತು, ಆದರೆ ಬಡ್ಡಿ ತರುವುದಿಲ್ಲ. ವಿದ್ಯೆಯನ್ನು ಲಾಕರಿನಲ್ಲಿಟ್ಟರೆ ಕೀಲಿಕೈ ಹಿಡಿದವರ ಕಾಲಾನಂತರ ಅದು ಅಸಲನ್ನೂ ಉಳಿಸುವುದಿಲ್ಲ.

ಸಂಘಗಳು ಮಾಡಬಹುದಾದ ಕೆಲಸ

ದೊಡ್ಡ ಯೋಜನೆ ಬೇಡ. ಛದ್ಮವೇಷ ಸ್ಪರ್ಧೆಯ ನಿಯಮ ಬದಲಾಯಿಸಿದರೆ ಸಾಕು. ಅರ್ಧ ಅಂಕ ಮನೆಯಲ್ಲೇ ಮಾಡಿದ ವೇಷಕ್ಕೆ. ಮಗು ತಾನು ಯಾವ ಭಾಗ ಮಾಡಿದೆ, ಹೇಗೆ ಮಾಡಿದೆ ಎಂದು ಕನ್ನಡದಲ್ಲಿ ನಾಲ್ಕು ವಾಕ್ಯ ಹೇಳಬೇಕು. ತೀರ್ಪುಗಾರರು ಒಳಹೊಲಿಗೆ ನೋಡಬೇಕು. ಮೊದಲ ಸಲ ಬಂದವರಿಗೆ ಬೇರೆ ವಿಭಾಗ ಇರಬೇಕು. ಅಜ್ಜಿಯ ಹಳೆ ಸೀರೆ, ರಟ್ಟು, ಫೋಮ್ ಯಾವುದರಿಂದ ಮಾಡಿದರೂ ಸರಿ. ಮಗುವಿನ ಜೊತೆ ಅಪ್ಪನೂ ಒಂದು ವಾರ ನೆಲದ ಮೇಲೆ ಕುಳಿತು ಕತ್ತರಿಸಲಿ.

ವರ್ಷಕ್ಕೊಂದು ಭಾನುವಾರ ಸಂಘದ ಸಭಾಗೃಹದಲ್ಲಿ ವೇಷದ ಕಮ್ಮಟ ಇಡಬಹುದು. ಒಂದು ಕಡೆ ವೇಷಭೂಷಣದಲ್ಲಿ ಪಳಗಿದ ಹಿರಿಯರು, ಅವರಿಗೆ ಶಾಲು ಫಲಪುಷ್ಪದ ಜೊತೆಗೆ ಯೋಗ್ಯ ಗೌರವಧನ. ಇನ್ನೊಂದು ಕಡೆ ಕಾಸ್‌ಪ್ಲೇ ಮಾಡುವ ಹುಡುಗ ಹುಡುಗಿಯರು. ಹಿರಿಯರು ಮುಂದಲೆ ಕಟ್ಟಿ ತೋರಿಸಲಿ, ಕಿರಿಯರು ಅದರ ಅಳತೆ, ಸುತ್ತು, ಗಂಟುಗಳನ್ನು ಹಿರಿಯರ ಒಪ್ಪಿಗೆ ಪಡೆದು ಬರೆದು ಚಿತ್ರ ತೆಗೆದಿಡಲಿ. ಬರೆದಿಡುವುದು, ನಕ್ಷೆ ಇಳಿಸುವುದು ಈ ಮಕ್ಕಳಿಗೆ ಕರಗತ. ಆ ಪುಸ್ತಕದಲ್ಲಿ ಕಟ್ಟಿದವರ ಹೆಸರು ಮೊದಲು ಬರಲಿ, ತೊಟ್ಟವರ ಹೆಸರು ಅನಂತರ.

ಸಂಘಕ್ಕೆ ಯುವಕರು ಬರುವುದಿಲ್ಲ ಎಂಬ ದೂರು ಪ್ರತಿ ಮಹಾಸಭೆಯಲ್ಲಿ ಕೇಳಿಬರುತ್ತದೆ. ಬಂದವರಿಗೆ ಕುರ್ಚಿ ಜೋಡಿಸುವ ಕೆಲಸ ಬಿಟ್ಟು ಬೇರೇನು ಕೊಟ್ಟಿದ್ದಾರೆ ಎಂದು ಪದಾಧಿಕಾರಿಗಳು ಒಮ್ಮೆ ಯೋಚಿಸಲಿ. ಮುಂದಿನ ಸಲ ರೈಲಿನಲ್ಲಿ ಕವಚ ತೊಟ್ಟ ಹುಡುಗ ಎದುರಾದರೆ ಪೇಪರ್ ಕೆಳಗಿಳಿಸಿ ಒಂದೇ ಪ್ರಶ್ನೆ ಕೇಳಿ ನೋಡಿ: "ಹೇಗೆ ಮಾಡಿದೆ ಮಗಾ ಇದನ್ನು?" ಇಳಿಯುವ ಸ್ಟೇಶನ್ ಬರುವವರೆಗೂ ಅವನ ಮಾತು ನಿಲ್ಲಲಿಕ್ಕಿಲ್ಲ.